ಹಳೆಯ ಮಠದ ಜೀರ್ಣೋದ್ಧಾರ: ಮೊದಲು ನೀರು, ಆಮೇಲೆ ಗಾರೆ

ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆಗಳ ಓಣಿಗಳಲ್ಲಿರುವ ಹಳೆಯ ಮಠಗಳು ಮಳೆ ಗಾಳಿಗೆ ಸಿಕ್ಕಿ ಕೆಟ್ಟದ್ದಕ್ಕಿಂತ ಆತುರದ ದುರಸ್ತಿಯಿಂದ ಕೆಟ್ಟದ್ದೇ ಹೆಚ್ಚು. ಭಕ್ತರು ಪ್ರೀತಿಯಿಂದ ಕೊಟ್ಟ ದೇಣಿಗೆಯಲ್ಲಿ ಕಲ್ಲುಕಂಬಕ್ಕೆ ಎಣ್ಣೆ ಬಣ್ಣ, ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು, ಚಪ್ಪಡಿ ನೆಲದ ಮೇಲೆ ಹೊಳೆಯುವ ಟೈಲ್ಸ್ ಬಂದು ಕೂರುತ್ತವೆ. ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಗೋಡೆ ಒಳಗಿನಿಂದ ಉದುರತೊಡಗುತ್ತದೆ. ಮಠದ ಹಳಮೆಯನ್ನು ಉಳಿಸಿಕೊಂಡು ಅದನ್ನು ಗಟ್ಟಿಗೊಳಿಸಬೇಕಾದರೆ ಕೆಲಸದ ಕ್ರಮ ಮುಖ್ಯ. ನೀರಿನ ದಾರಿಯನ್ನು ಸರಿಪಡಿಸುವವರೆಗೆ ಬಣ್ಣ, ಗಿಲಾವು, ನೆಲ ಯಾವುದನ್ನೂ ಮುಟ್ಟಬಾರದು.

ಅದಕ್ಕೂ ಮೊದಲು ದಾಖಲೆ ಆಗಬೇಕು. ಪ್ರತಿ ಕೋಣೆಯ ಅಳತೆ ತೆಗೆದು ನಕ್ಷೆ ಬರೆಸಿ, ಗೋಡೆ, ಕಂಬ, ಕಂಬದ ತಲೆಯ ಬೋದಿಗೆ, ಬಾಗಿಲುವಾಡಗಳ ಚಿತ್ರ ತೆಗೆದಿಡಿ. ಗುರುಗಳು ಕೂರುತ್ತಿದ್ದ ಜಾಗ ಯಾವುದು, ಆರಾಧನೆಯ ದಿನ ಯಾವ ಬಾಗಿಲು ತೆರೆಯುತ್ತಾರೆ, ದಾಸೋಹದ ಪಂಕ್ತಿ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ, ಏಕೆಂದರೆ ಗುರುಗಳ ಸಮಾಧಿಯಾದ ಗದ್ದುಗೆಯನ್ನೋ ಬೃಂದಾವನವನ್ನೋ ನಡುವಿಟ್ಟುಕೊಂಡು ಬೆಳೆದ ಕಟ್ಟಡದಲ್ಲಿ ಜನ ನಡೆದಾಡುವ ರೀತಿಯೂ ಉಳಿಸಬೇಕಾದ ಸಂಗತಿಯೇ. ಮಠದಲ್ಲಿ ತಾಳೆಗರಿ, ಕಡತಗಳಿದ್ದರೆ ಕೆಲಸ ಶುರುವಾಗುವ ಮೊದಲೇ ದೂಳು ತಾಗದ ಒಣ ಜಾಗಕ್ಕೆ ಅವುಗಳನ್ನು ಸಾಗಿಸಿ.

ಅಂಗಳದ ಕಲ್ಲುಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು. ಮೆಟ್ಟಿಲಾಗಿ, ಬಚ್ಚಲಿನ ಒಗೆಯುವ ಕಲ್ಲಾಗಿ ಶಾಸನಗಳು ಬಿದ್ದಿರುವುದುಂಟು. ಸಂಜೆಯ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಅಡ್ಡಲಾಗಿ ಹಿಡಿದರೆ, ಹಗಲಿನಲ್ಲಿ ನುಣ್ಣಗೆ ಕಾಣುತ್ತಿದ್ದ ಮೈಮೇಲೆ ಅಕ್ಷರದ ಸಾಲುಗಳು ನೆರಳಾಗಿ ಎದ್ದು ಬರುತ್ತವೆ. ಅಂಥ ಕಲ್ಲು ಸಿಕ್ಕರೆ ಆಸಿಡ್ ಹಾಕಿ ತೊಳೆಯಬೇಡಿ, ತಂತಿಬ್ರಷ್‌ನಿಂದ ಉಜ್ಜಬೇಡಿ. 1905ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅದರಲ್ಲಿ ಹುಡುಕಿ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಸ್ಥೆಗೆ ತಿಳಿಸಿ. ಅವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದ್ದಾರೆ.

ಅನುಮತಿಯ ವಿಷಯವನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಕೃಷ್ಣರಾಜ ಮಾರುಕಟ್ಟೆಯ ಬಳಿಯ ಕೋಟೆ ಮತ್ತು ಟಿಪ್ಪು ಅರಮನೆಯ ಸುತ್ತ ಈ ನಿಯಮ ನೇರವಾಗಿ ತಟ್ಟುತ್ತದೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವನ್ನು ನಿಷೇಧಿತ ವಲಯದಲ್ಲೂ ದುರಸ್ತಿ ಮಾಡಲು ಅವಕಾಶವಿದೆ, ಆದರೆ ಅನುಮತಿ ಪಡೆದೇ ಮಾಡಬೇಕು. ಪಾಲಿಕೆಯ ಅನುಮತಿ ಬೇರೆ.

ಇನ್ನು ನೀರು. ಪೇಟೆಯ ರಸ್ತೆಗಳಿಗೆ ಡಾಂಬರಿನ ಮೇಲೆ ಡಾಂಬರು ಸುರಿದು, ಒಂದು ಕಾಲದಲ್ಲಿ ಜಗಲಿಗಿಂತ ತಗ್ಗಿನಲ್ಲಿದ್ದ ಬೀದಿ ಈಗ ಹೊಸ್ತಿಲಿನ ಮಟ್ಟಕ್ಕೆ ಏರಿದೆ. ತೊಟ್ಟಿಯ, ಅಂದರೆ ಕಟ್ಟಡದ ನಡುವಿನ ತೆರೆದ ಅಂಗಳದ, ನೀರು ಹೊರಗೆ ಹರಿಯಲೆಂದು ಹಿರಿಯರು ಇಟ್ಟ ಕಂಡಿ ಚರಂಡಿಗಿಂತ ಕೆಳಗಾಗಿ, ಜೋರು ಮಳೆಯಲ್ಲಿ ಬೀದಿಯ ನೀರೇ ಒಳಗೆ ನುಗ್ಗುತ್ತದೆ. ರಸ್ತೆಗೆ ಮತ್ತೆ ಡಾಂಬರು ಹಾಕುವಾಗ ಹಳೆಯ ಪದರವನ್ನು ಕೆತ್ತಿ ತೆಗೆಯುವಂತೆ ಪಾಲಿಕೆಯನ್ನು ಒತ್ತಾಯಿಸಬೇಕು. ಅಷ್ಟರವರೆಗೆ ತೊಟ್ಟಿಯ ನೀರನ್ನು ಮಠದ ಹಳೆಯ ಬಾವಿಗೋ, ಪಾಯದಿಂದ ದೂರ ತೋಡಿದ ಇಂಗುಗುಂಡಿಗೋ ತಿರುಗಿಸಬಹುದು. ಬಾವಿಗಾದರೆ ಸೋಸಿ ಬಿಡಬೇಕು. ಗೋಡೆಯ ಬುಡದಲ್ಲಿ ಸಿಮೆಂಟ್ ಗಿಲಾವು ಇದ್ದರೆ, ಪಾಯದಿಂದ ಏರಿದ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಮೇಲೆ ಮೇಲೆ ಹತ್ತುತ್ತದೆ ಮತ್ತು ಅದರ ಜೊತೆ ಬಂದ ಉಪ್ಪು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಆ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಬಿಡಿಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ. ಭಕ್ತರು ಬೇಗ ಮುಗಿಸಿ ಎನ್ನುತ್ತಾರೆ; ಈ ಒಂದು ವಿಷಯದಲ್ಲಿ ಮಣಿಯಬಾರದು.

ಬಿರುಕು ಕಂಡ ಕೂಡಲೇ ತುಂಬಿಸುವುದೂ ಸರಿಯಲ್ಲ. ಬಿರುಕಿನ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ಬದಿಗೆ ಗಾರೆಯಿಂದ ಅಂಟಿಸಿ, ದಿನಾಂಕ ಬರೆದು ಒಂದು ಮಳೆಗಾಲ ಕಾಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಆಗ ಪಾಯವನ್ನು ಇಂಜಿನಿಯರ್ ನೋಡಬೇಕು.

ಚಾವಣಿ ಹೆಚ್ಚಾಗಿ ಮದ್ರಾಸ್ ತಾರಸಿಯಾಗಿರುತ್ತದೆ: ಮರದ ಜಂತಿಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ ಬಡಿದು, ಚಪ್ಪಟೆ ಬಿಲ್ಲೆ ಹಾಸಿದ್ದು. ಸೋರಿದರೆ ಮೇಲೊಂದು ಕಾಂಕ್ರೀಟ್ ಹಾಕಿಬಿಡೋಣ ಎನ್ನುವ ಸಲಹೆ ಬರುವುದು ಖಂಡಿತ. ನಾಲ್ಕು ಅಂಗುಲದ ಕಾಂಕ್ರೀಟ್ ಚದರ ಅಡಿಗೆ ಸುಮಾರು 23 ಕೆಜಿ ತೂಗುತ್ತದೆ. ಆ ಭಾರವನ್ನು ಹಳೆಯ ಜಂತಿಗಳ ಮೇಲೆ ಹೇರಬಾರದು. ಕೆಟ್ಟ ಬಿಲ್ಲೆ, ಸತ್ತ ಗಾರೆಯನ್ನಷ್ಟೇ ತೆಗೆದು, ಅದೇ ಬಗೆಯ ಗಾರೆಯನ್ನು ಹಾಕಿ, ಮಳೆನೀರು ಹೊರಹೋಗುವ ಹರನಾಳದ ಕಡೆಗೆ ಇಳಿಜಾರು ಸರಿಪಡಿಸಿ. ಈ ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಬೇಕು. ಗೋಡೆಯಲ್ಲಿ ಚಿಗುರಿದ ಅರಳಿ ಗಿಡವನ್ನು ಕಿತ್ತರೆ ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಕಡಿಯಲು ಮನಸ್ಸೊಪ್ಪದಿದ್ದರೆ ಎಳೆಯ ಗಿಡವನ್ನು ಬಿಡಿಸಿ ಬೇರೆಡೆ ನೆಡಿ. ಉಳಿದ ಬೇರನ್ನು ಕತ್ತರಿಸಿ ಸಾಯಿಸಿದ ಮೇಲೆ ಸಂದನ್ನು ಗಾರೆಯಿಂದ ತುಂಬಿ.

ಗಾರೆ ಮಾಡುವುದು ತಾಳ್ಮೆಯ ಕೆಲಸ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಅದು ಕುದಿದು ಸಿಡಿಯುತ್ತದೆ, ಆದ್ದರಿಂದ ಕನ್ನಡಕ, ಕೈಗವಸು ಬೇಕೇ ಬೇಕು. ಅರಳಿದ ಸುಣ್ಣವನ್ನು ಸೋಸಿ, ಕನಿಷ್ಠ ಎರಡು ಮೂರು ವಾರ ನೀರಿನಡಿ ಇಡಬೇಕು. ಹೆಚ್ಚು ದಿನ ಇಟ್ಟಷ್ಟೂ ಬೆಣ್ಣೆಯಂತೆ ನಯವಾಗುತ್ತದೆ. ಒಂದು ಭಾಗ ಸುಣ್ಣ, ಒಂದು ಭಾಗ ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ), ಎರಡು ಭಾಗ ಮರಳು ಎಂಬ ಪ್ರಮಾಣದಿಂದ ಆರಂಭಿಸಿ, ಗಿರಣಿಯಲ್ಲಿ ಅರೆಸಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಮಾದರಿ ಹಚ್ಚಿ ಬಿರುಕು ಬಿಡುತ್ತದೆಯೇ ನೋಡಿ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿ ಬಲ್ಲ ಗಾರೆ ಮೇಸ್ತ್ರಿ ಸಿಕ್ಕರೆ ಅವರ ಅಳತೆಗೆ ಬಿಡಿ. ಒಂದು ಪದರ ಅರ್ಧ ಅಂಗುಲ ಮೀರಬಾರದು, ಮತ್ತು ಹಸಿ ಗಿಲಾವಿನ ಮುಂದೆ ಒದ್ದೆ ಗೋಣಿತಾಟು ಇಳಿಬಿಟ್ಟು ಬಿಸಿಲು ತಾಗದಂತೆ ಕಾಯಬೇಕು.

ತೊಲೆಯನ್ನು ಪರೀಕ್ಷಿಸುವಾಗ ಗೋಡೆಯೊಳಗೆ ಹೊಕ್ಕ ತುದಿಗೆ ಚೂಪಾದ ಆಣಿ ಚುಚ್ಚಿ ನೋಡಿ. ಗೆದ್ದಲೂ ತೇವವೂ ಮೊದಲು ಹಿಡಿಯುವುದು ಅಲ್ಲಿ. ತುದಿ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಬೆಸೆದು, ತುದಿಯ ಸುತ್ತ ಗಾಳಿಯಾಡಲು ಸ್ವಲ್ಪ ಜಾಗ ಬಿಡಿ. ಕಂಬದ ಎಣ್ಣೆ ಬಣ್ಣವನ್ನು ಗ್ರೈಂಡರ್‌ನಿಂದಾಗಲಿ ಮರಳು ಚಿಮ್ಮಿಸಿಯಾಗಲಿ ತೆಗೆದರೆ ಉಳಿಯ ಗುರುತುಗಳು ಅಳಿಸಿಹೋಗುತ್ತವೆ. ಬಣ್ಣ ಮೆತ್ತಗಾಗಿಸುವ ಲೇಪ ಹಚ್ಚಿ, ಮರದ ಚಕ್ಕೆಯಿಂದ ಎಬ್ಬಿಸಬೇಕು. ನಯವಾಗಿರುವ ರೆಡ್ ಆಕ್ಸೈಡ್ ನೆಲವನ್ನು ಹಾಗೆಯೇ ಬಿಡಿ.

ವಿದ್ಯುತ್ ತಂತಿಗೆ ಗೋಡೆ ಕೊರೆಯದೆ ಮೇಲೆಯೇ ಕೊಳವೆ ಓಡಿಸಿ. ಶೌಚಾಲಯ, ಗ್ಯಾಸ್ ಸಿಲಿಂಡರ್, ನೀರಿನ ಟ್ಯಾಂಕ್ ಹಳೆಯ ಗೋಡೆಗೆ ತಾಗದಂತೆ ಹಿತ್ತಲಲ್ಲಿ ಇರಲಿ.

ಮೇಸ್ತ್ರಿಯೊಂದಿಗೆ ಇಡೀ ಕೆಲಸಕ್ಕೆ ಒಟ್ಟು ಗುತ್ತಿಗೆ ಮಾಡಿಕೊಂಡರೆ ಕೆಡವಿ ಕಟ್ಟುವುದೇ ಅವರಿಗೆ ಲಾಭ. ದಿನಗೂಲಿಯ ಲೆಕ್ಕದಲ್ಲಿ, ಒಂದು ಕೋಣೆ ಮುಗಿಸಿ ನೋಡಿ, ಮುಂದಿನದಕ್ಕೆ ಹೋಗುವುದು ಕ್ಷೇಮ. ಏನನ್ನು ಯಾವಾಗ ಯಾವ ಗಾರೆಯಿಂದ ದುರಸ್ತಿ ಮಾಡಲಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಮಠದಲ್ಲಿಯೇ ಇಡಬೇಕು. ಪ್ರತಿ ಏಪ್ರಿಲ್‌ನಲ್ಲಿ ತಾರಸಿ ಗುಡಿಸಿ, ಹರನಾಳ ಬಿಡಿಸಿ, ಗೋಡೆಗೆ ಸುಣ್ಣ ಬಳಿದು, ಆ ದಿನಾಂಕವನ್ನೂ ಅದೇ ಪುಸ್ತಕಕ್ಕೆ ಸೇರಿಸಿ.