ಕೆಜಿಎಫ್‌ನಲ್ಲಿ ಕೂತು ಖಾಸಗಿ ಅಂತರರಾಷ್ಟ್ರೀಯ ಕಾನೂನು ಓದಿದ ಬಗೆ

ಮಗ ಅಮೆರಿಕದಲ್ಲಿ, ಸೊಸೆ ಬಂಗಾರಪೇಟೆಯಲ್ಲಿ, ಮೊಮ್ಮಗು ಹುಟ್ಟಿದ್ದು ಟೆಕ್ಸಾಸ್‌ನಲ್ಲಿ. ಕೋಲಾರ ಜಿಲ್ಲೆಯಲ್ಲಿ ವಕೀಲಿ ಮಾಡುವವರಿಗೆ ಇಂಥ ಮನೆಗಳು ಈಗ ಹೊಸದಲ್ಲ. ಜಗಳ ಬಂದಾಗ ಯಾವ ದೇಶದ ಕೋರ್ಟಿಗೆ ಹೋಗಬೇಕು? ಆ ಕೋರ್ಟು ಯಾವ ದೇಶದ ಕಾನೂನು ನೋಡಬೇಕು? ಅಲ್ಲಿ ಕೊಟ್ಟ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಇಲ್ಲಿ ನಡೆಯುತ್ತದಾ? ಖಾಸಗಿ ಅಂತರರಾಷ್ಟ್ರೀಯ ಕಾನೂನು ಅಂದರೆ ಹೆಚ್ಚುಕಡಿಮೆ ಈ ಮೂರು ಪ್ರಶ್ನೆಗಳೇ.

ನಾನು ಇದನ್ನು ಗಂಭೀರವಾಗಿ ಓದಲು ಕೂತಿದ್ದು ಕಕ್ಷಿದಾರರಿಗಾಗಿ. ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಅಮೆರಿಕದ ಕೋರ್ಟಿನ ವಿಚ್ಛೇದನದ ಡಿಕ್ರಿ. "ಮೇಡಂ, ಅಲ್ಲಿನವರು ಬರೆದುಬಿಟ್ರೆ ನಮ್ಮ ಹುಡುಗಿ ಮದುವೆ ಮುಗೀತಾ?" ಎಂದು ಕೇಳಿದರು. ಇಂಥ ಪ್ರಶ್ನೆಗೆ ಅರ್ಧಂಬರ್ಧ ಉತ್ತರ ಕೊಡುವುದು ಅನ್ಯಾಯ.

ತೊಂದರೆ ಏನೆಂದರೆ, ನಮ್ಮಲ್ಲಿ ಈ ವಿಷಯಕ್ಕೆ ಅಂತ ಒಂದೇ ಕಾಯ್ದೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸ್ವಲ್ಪ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಸ್ವಲ್ಪ, 1969ರ ವಿದೇಶಿ ವಿವಾಹ ಕಾಯ್ದೆಯಲ್ಲಿ ಸ್ವಲ್ಪ, ಉಳಿದದ್ದು ತೀರ್ಪುಗಳಲ್ಲಿ. ಇಂಗ್ಲೆಂಡಿನ ದಪ್ಪ ದಪ್ಪ ಪಠ್ಯಪುಸ್ತಕಗಳಿಂದ ಶುರು ಮಾಡಿದರೆ ನಮ್ಮ ಕೋರ್ಟಿಗೆ ಬರುವ ಹೊತ್ತಿಗೆ ದಾರಿ ತುಂಬಾ ದೂರ. ನಾನು ಉಲ್ಟಾ ಹೋದೆ. ಮೊದಲು ಸಿವಿಲ್ ಸಂಹಿತೆಯ ಸೆಕ್ಷನ್ 13 ಬಾಯಿಪಾಠ. ವಿದೇಶಿ ತೀರ್ಪು ಇಲ್ಲಿ ಅಂತಿಮ, ಆದರೆ ಆರು ಸಂದರ್ಭ ಬಿಟ್ಟು. ಅಧಿಕಾರವೇ ಇಲ್ಲದ ಕೋರ್ಟು, ಮೋಸದಿಂದ ಪಡೆದ ತೀರ್ಪು, ಎದುರು ಪಕ್ಷದ ಮಾತು ಕೇಳದೆ ಕೊಟ್ಟ ತೀರ್ಪು, ಇವೆಲ್ಲ ಆ ಆರರಲ್ಲಿ ಬರುತ್ತವೆ.

ಆಮೇಲೆ ವೈ. ನರಸಿಂಹರಾವ್ ಪ್ರಕರಣ. 1991ರ ಸುಪ್ರೀಂ ಕೋರ್ಟ್ ತೀರ್ಪು. ಈ ವಿಷಯ ಓದುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು. 1975ರಲ್ಲಿ ತಿರುಪತಿಯಲ್ಲಿ ಹಿಂದೂ ಪದ್ಧತಿಯ ಮದುವೆ. ಗಂಡ ಅಮೆರಿಕದ ಮಿಸ್ಸೂರಿ ರಾಜ್ಯದ ಕೋರ್ಟಿನಲ್ಲಿ, ತಾನು ಅಲ್ಲಿ 90 ದಿನದಿಂದ ಇದ್ದೇನೆ ಎಂದು ತೋರಿಸಿ ಡಿಕ್ರಿ ಪಡೆದ. ಕಾರಣ, ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಅನ್ನುವುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಕಾರಣವೇ ಇಲ್ಲ. ಸುಪ್ರೀಂ ಕೋರ್ಟ್ ಆ ಡಿಕ್ರಿಯನ್ನು ಒಪ್ಪಲಿಲ್ಲ. ಯಾವ ಕಾನೂನಿನಡಿ ಮದುವೆ ಆಯಿತೋ ಆ ಕಾನೂನು ಹೇಳುವ ಕೋರ್ಟಿಗೇ ಅಧಿಕಾರ ಎಂದಿತು. ಜೊತೆಗೆ ಕೆಲವು ವಿನಾಯಿತಿ ಇಟ್ಟಿತು. ಹೆಂಡತಿ ತಾನೇ ಒಪ್ಪಿ ಅಲ್ಲಿನ ಕೋರ್ಟಿಗೆ ಹೋಗಿ, ಇಲ್ಲಿನ ಕಾಯ್ದೆಯಲ್ಲಿರುವ ಕಾರಣದ ಮೇಲೆ ವಾದ ಮಾಡಿದ್ದರೆ ಆ ತೀರ್ಪು ನಡೆಯುತ್ತದೆ. ಅವಳು ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೂ ನಡೆಯುತ್ತದೆ. ಹಾಗಾಗಿ ಆ ತಾಯಿಯನ್ನು ನಾನು ಮೊದಲು ಕೇಳಿದ್ದು, "ನಿಮ್ಮ ಮಗಳು ಅಲ್ಲಿ ವಕೀಲರನ್ನು ಇಟ್ಟಿದ್ದಳಾ? ಏನಾದರೂ ಉತ್ತರ ಹಾಕಿದ್ದಳಾ?" ಅಂತ. ಹಾಕಿರಲಿಲ್ಲ. ಅಲ್ಲಿಂದ ಆ ಫೈಲಿಗೆ ಜೀವ ಬಂತು.

ಪ್ರತಿ ತೀರ್ಪಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಟ್ಟೆ. ಹುಟ್ಟಿದ್ದೆಲ್ಲಿ, ಮದುವೆ ಎಲ್ಲಿ, ವಾಸ ಎಲ್ಲಿ, ಪಾಸ್‌ಪೋರ್ಟ್ ಯಾವುದು, ಕೇಸ್ ಎಲ್ಲಿ. ತಾರೀಕಿನ ಸಮೇತ. ತೀರ್ಪಿನ ತತ್ವ ಆಮೇಲೆ. ಕೆಜಿಎಫ್‌ನಿಂದ ಕೋಲಾರದ ಕೋರ್ಟಿಗೆ ಬಸ್ಸಿನಲ್ಲಿ ಹೋಗುವಾಗ ಈ ಪುಟಗಳನ್ನೇ ತಿರುವಿ ಹಾಕುತ್ತಿದ್ದೆ.

ಎಲ್ಲಕ್ಕಿಂತ ಕಗ್ಗಂಟು ಡೊಮಿಸೈಲ್. ಪೌರತ್ವ ಬೇರೆ, ಡೊಮಿಸೈಲ್ ಬೇರೆ. ಪೌರತ್ವ ಅಂದರೆ ನೀವು ಯಾವ ದೇಶದ ಪ್ರಜೆ ಅನ್ನುವುದು. ಡೊಮಿಸೈಲ್ ಅಂದರೆ ಕಾಯಂ ಆಗಿ ಎಲ್ಲಿ ನೆಲೆ ನಿಲ್ಲುವ ಮನಸ್ಸು ಮಾಡಿದ್ದೀರಿ ಅನ್ನುವುದು. ಇದು ನನಗೆ ಚೆನ್ನಾಗಿ ತಲೆಗೆ ಹತ್ತಿದ್ದು ನಮ್ಮ ಊರಿನಿಂದಲೇ. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ನಡೆಸಿತು. ಇಂಗ್ಲೆಂಡಿನಿಂದ ಎಂಜಿನಿಯರುಗಳು ಬಂದರು. ಹತ್ತಾರು ವರ್ಷ ಇದ್ದವರೂ ಉಂಟು. ಅಂಥವರೊಬ್ಬರು, 1925ರ ಉತ್ತರಾಧಿಕಾರ ಕಾಯ್ದೆ ನಮ್ಮ ಕಡೆಗೂ ಅನ್ವಯವಾದ ಮೇಲೆ, ಇಲ್ಲೇ ತೀರಿಕೊಂಡರು ಅಂತ ಇಟ್ಟುಕೊಳ್ಳಿ. ಭಾರತದಲ್ಲಿರುವ ಅವರ ಮನೆ, ಜಾಗಕ್ಕೆ ಭಾರತದ ಕಾನೂನು. ಬ್ಯಾಂಕಿನ ಹಣ, ಷೇರು, ಒಡವೆಗೆ ಸಾಯುವಾಗ ಡೊಮಿಸೈಲ್ ಎಲ್ಲಿತ್ತೋ ಅಲ್ಲಿನ ಕಾನೂನು. ಅದು ಸೆಕ್ಷನ್ 5. ಇಷ್ಟು ವರ್ಷ ಇದ್ದರಲ್ಲ, ಡೊಮಿಸೈಲ್ ಇಲ್ಲಿಯದೇ ಅಲ್ವಾ? ಸುಮ್ನೆ ಹಾಗೆ ಹೇಳುವಂತಿಲ್ಲ. ಉದ್ಯೋಗಕ್ಕಾಗಿ ಇಲ್ಲಿ ವಾಸ ಮಾಡಿದ ಮಾತ್ರಕ್ಕೆ ಕಾಯಂ ನೆಲೆ ಆಗುವುದಿಲ್ಲ ಅಂತ ಸೆಕ್ಷನ್ 10ರ ವಿವರಣೆಯೇ ಹೇಳುತ್ತದೆ. ಮನಸ್ಸು ಸಾಬೀತಾಗಬೇಕು. ಇನ್ನೊಂದು ಮಾತು: ಕಾಯ್ದೆಯ ಈ ಭಾಗ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರಿಗೆ ಹೊಂದುವುದಿಲ್ಲ. ಕೆಜಿಎಫ್‌ನ ಕ್ರೈಸ್ತ ಮತ್ತು ಆಂಗ್ಲೋ ಇಂಡಿಯನ್ ಮನೆಗಳ ಫೈಲುಗಳಲ್ಲಿ ಮಾತ್ರ ಇದು ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಡೊಮಿಸೈಲಿನಿಂದ ಪೌರತ್ವಕ್ಕೆ ಸೇತುವೆ ಆಗಿದ್ದು ಲೂಯಿಸ್ ಡಿ ರೇಡ್ ಪ್ರಕರಣ, ಅದೂ 1991ರದ್ದು. ಬೆಲ್ಜಿಯಂನವರು, 1937ರಿಂದ ಭಾರತದಲ್ಲಿದ್ದರು. ಸಂವಿಧಾನದ 5ನೇ ವಿಧಿ ಪೌರತ್ವಕ್ಕೆ ಇಲ್ಲಿ ಡೊಮಿಸೈಲ್ ಇರಬೇಕು ಅನ್ನುತ್ತದೆ; ಅದರಡಿ ತಾವು ಪೌರರು ಅಂದರು. ಬೆಲ್ಜಿಯಂ ಪಾಸ್‌ಪೋರ್ಟ್ ಇಟ್ಟುಕೊಂಡು, ವಾಸದ ಅನುಮತಿ ಪಡೆಯುತ್ತಾ ಇದ್ದವರು ಇಲ್ಲೇ ನೆಲೆಸುವ ಮನಸ್ಸು ಮಾಡಿದ್ದರು ಎಂದು ಸಾಬೀತಾಗಲಿಲ್ಲ. ಅಷ್ಟು ದಶಕ ಬದುಕಿದ ಮನುಷ್ಯ ದೇಶ ಬಿಡಬೇಕಾದದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಕಾನೂನಿನ ದೃಷ್ಟಿಯಲ್ಲಿ ಕಾಗದಪತ್ರ ಎಷ್ಟು ಮುಖ್ಯ ಅಂತ ಕಕ್ಷಿದಾರರಿಗೆ ಹೇಳುವಾಗ ಈ ಪ್ರಕರಣವನ್ನೇ ಹೇಳುತ್ತೇನೆ.

1955ರ ಪೌರತ್ವ ಕಾಯ್ದೆಯಲ್ಲಿ ತಾರೀಕುಗಳೇ ಜೀವಾಳ. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅಲ್ಲಿಂದ 2004ರ ಡಿಸೆಂಬರ್ 3ರ ಮುಂಚಿನವರೆಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆಮೇಲೆ ಇಬ್ಬರೂ ಪೌರರು, ಇಲ್ಲವೇ ಒಬ್ಬರು ಪೌರರಾಗಿ ಇನ್ನೊಬ್ಬರು ಅಕ್ರಮ ವಲಸಿಗರಲ್ಲದೆ ಇರಬೇಕು. 2013ರಲ್ಲಿ ನಮ್ಮ ಹೈಕೋರ್ಟ್ ಭಾರತದಲ್ಲಿ ಹುಟ್ಟಿದ ಟಿಬೆಟ್ ಮೂಲದವರ ಪರವಾಗಿ ತೀರ್ಪು ಕೊಟ್ಟಿದ್ದು ಇದೇ ಮೊದಲ ಅವಧಿಯ ಮೇಲೆ.

ನಮ್ಮ ಕಡೆ ಹೆಚ್ಚು ಬರುವ ಪ್ರಶ್ನೆ ಜಮೀನಿನದು. ಶ್ರೀನಿವಾಸಪುರದ ಮಾವಿನ ತೋಟ, ಅಣ್ಣ ಅಮೆರಿಕದ ಪ್ರಜೆ. ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಅದು ಪೌರತ್ವ ಕಾಯ್ದೆಯ ಸೆಕ್ಷನ್ 9. ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಸಾಗರೋತ್ತರ ಭಾರತೀಯ ಕಾರ್ಡ್) ಎರಡನೇ ಪೌರತ್ವ ಅಲ್ಲ, ಓಟು ಇಲ್ಲ. ಕೃಷಿ ಜಮೀನು ಕೊಳ್ಳುವಂತಿಲ್ಲ. ಆದರೆ ಅಪ್ಪನಿಂದ ಉತ್ತರಾಧಿಕಾರವಾಗಿ ಬಂದ ಪಾಲು ಅವರದೇ. "ಅವನು ಫಾರಿನರ್, ಪಾಲಿಲ್ಲ" ಎಂದು ತಮ್ಮಂದಿರು ಗಟ್ಟಿಯಾಗಿ ಹೇಳಿದರೂ ಅದು ಕಾನೂನಲ್ಲ.

ಈಗ ಓದಲು ಶುರು ಮಾಡುವ ಜೂನಿಯರುಗಳು ಒಂದನ್ನು ಗಮನಿಸಿ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಬಂದಿದೆ, ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ತೀರ್ಪುಗಳೆಲ್ಲ ಹಳೆಯದರ ಮೇಲಿವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಯಾವ ಸೆಕ್ಷನ್ ಎಲ್ಲಿಗೆ ಹೋಯಿತು ಅಂತ ನೀವೇ ಕೈಯಾರೆ ಬರೆದುಕೊಳ್ಳಿ. ವಿದೇಶಿ ಕೋರ್ಟಿನ ಹಣದ ಡಿಕ್ರಿ ಇದ್ದರೆ ಮಾತ್ರ ಮೊದಲು ಸಿವಿಲ್ ಸಂಹಿತೆಯ ಸೆಕ್ಷನ್ 44ಎ ನೋಡಿ. ಬ್ರಿಟನ್, ಸಿಂಗಪುರ, ಯುಎಇಯದ್ದಾದರೆ ನೇರವಾಗಿ ಜಿಲ್ಲಾ ನ್ಯಾಯಾಲಯದಲ್ಲಿ ಜಾರಿ ಅರ್ಜಿ. ಅಮೆರಿಕದ್ದಾದರೆ ಆ ತೀರ್ಪಿನ ಮೇಲೆ ಇಲ್ಲಿ ಹೊಸ ದಾವೆ ಹೂಡಬೇಕು, ಅದಕ್ಕೆ ಮೂರು ವರ್ಷದ ಗಡುವು.