2×2 ರೀಪರಿನ ಫಿಶ್ ಹೌಸ್: ನನ್ನ ಅನುಭವ

ಫಿಶ್ ಹೌಸ್ ಅಂದರೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಎಳೆದುಕೊಂಡು ಹೋಗಿ ಇಟ್ಟು, ಒಳಗೆ ಕೂತು ಐಸಿನ ತೂತಿನಿಂದ ಮೀನು ಹಿಡಿಯುವ ಪುಟ್ಟ ಮನೆ. ಅದರ ಗೋಡೆಗೆ 2×2 ರೀಪರ್ (ಮರದ ಪಟ್ಟಿ) ಸಾಕು ಅಂದಾಗ ಕೆರೆಯ ಮೇಲಿನ ಹಳಬರು ಯಾರೂ ಒಪ್ಪಲಿಲ್ಲ. ಎಳೆಯುವಾಗ ಒಂದು ಐಸ್ ದಿಬ್ಬ ಹತ್ತಿ ಇಳಿದರೆ ಮೂಲೆ ಬಿಟ್ಟುಕೊಳ್ಳುತ್ತೆ ಅಂದರು. ಅಮೆರಿಕದ ಮಿನೆಸೋಟದಲ್ಲಿರುವ ಮಿಲ್ ಲ್ಯಾಕ್ಸ್ ಕೆರೆಯ ಮೇಲೆ ಈಗ ಮೂರು ಚಳಿಗಾಲ ಆಯಿತು, ಒಂದು ಮೂಲೆಯೂ ಅಲುಗಿಲ್ಲ. ಮಿನೆಸೋಟದ ನಮ್ಮವರೇ ಹಲವರು ಅಳತೆ ಕೇಳುತ್ತಿದ್ದಾರೆ. ನಾನೂ ಭಾವಮೈದನೂ ಸೇರಿ ಕಟ್ಟಿದ್ದನ್ನು ಬರೆಯುತ್ತೇನೆ. ಆಗರ್ (ಐಸ್ ಕೊರೆಯುವ ಬೈರಿಗೆ), ಫ್ಲ್ಯಾಶರ್ (ನೀರಿನೊಳಗಿನ ಮೀನು ತೋರಿಸುವ ಸೋನಾರ್) ವಿಷಯ ಇಲ್ಲಿ ಬಿಡಿ.

ಮೊದಲು ಕಟ್ಟಿದ ಮನೆಯೂ 6×8 ಅಡಿಯೇ. 2×4 ಚೌಕಟ್ಟು, ಒಳಗೂ ಹೊರಗೂ ಅರ್ಧ ಇಂಚು ಪ್ಲೈ. ತೂಕ 1,200 ಪೌಂಡಿನ ಆಸುಪಾಸು, ಖರ್ಚು 1,900 ಡಾಲರ್ ಹತ್ತಿರ. ಅದನ್ನು ಎಳೆಯಲು ಪಿಕಪ್ ಬೇಕು, ಪಿಕಪ್ ಇಳಿಸಲು 13 ಇಂಚು ಗಟ್ಟಿ ಐಸ್ ಬೇಕು. ಅಲ್ಲಿಯವರೆಗೆ ಮನೆ ಗ್ಯಾರೇಜಿನ ಮುಂದೆ. ವಾಲೈ ಮೀನು ಚೆನ್ನಾಗಿ ಕಚ್ಚುವುದು ಮಾತ್ರ ಮೊದಲ ಐಸಿನ ದಿನಗಳಲ್ಲಿ! ಈಗಿನ ಮನೆ 600 ಪೌಂಡ್ ಚಿಲ್ಲರೆ, ಹೀಟರ್ ಬಿಟ್ಟು 1,150 ಡಾಲರಿನಲ್ಲಿ ಮುಗಿಯಿತು. 8 ಇಂಚು ಐಸ್ ಸಿಕ್ಕರೆ ಎಟಿವಿಗೆ (ದಪ್ಪ ಚಕ್ರದ ಸಣ್ಣ ಗಾಡಿ) ಕಟ್ಟಿ ಹೊರಡುತ್ತೇವೆ. ದಾರಿಯಲ್ಲಿ ನೂರೈವತ್ತು ಅಡಿಗೊಂದು ತೂತು ಕೊರೆದು ದಪ್ಪ ನೋಡದೆ ಮುಂದೆ ಹೋಗುವುದಿಲ್ಲ.

ಗುಟ್ಟು ಇರುವುದು ಗೋಡೆಯಲ್ಲಿ. 2×2 ಅಂತ ಮಾರುವ ರೀಪರಿನ ನಿಜ ದಪ್ಪ ಒಂದೂವರೆ ಇಂಚು. ಒಂದೂವರೆ ಇಂಚಿನ ಗಟ್ಟಿ ಫೋಮ್ ಹಲಗೆ ಅದರ ನಡುವೆ ಸರಿಸಮ ಕೂರುತ್ತೆ. 24 ಇಂಚಿಗೊಂದು ರೀಪರ್, ನಡುವೆ ಫೋಮ್, ಒಳಗೆ 5 ಮಿಲಿಮೀಟರ್ ಪ್ಲೈ, ಹೊರಗೆ ಟ್ರೈಲರಿಗೆ ಹೊದಿಸುವ ತೆಳು ಅಲ್ಯೂಮಿನಿಯಂ. ಇಷ್ಟಕ್ಕೂ ಅಂಟು ಹಚ್ಚಿ ಒಂದೇ ಹಲಗೆ ಮಾಡಿಬಿಡಬೇಕು. ಆಮೇಲೆ ಭಾರ ಹೊರುವುದು ರೀಪರ್ ಒಂದೇ ಅಲ್ಲ, ಇಡೀ ಗೋಡೆ. ಹಳಬರು ರೀಪರನ್ನು ಮಾತ್ರ ನೋಡಿದ್ದರು, ಅಂಟನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ಅಂಟಿನಲ್ಲೇ ನಮ್ಮ ಮೊದಲ ಇನ್ನೂರು ಡಾಲರ್ ಹೋಯಿತು. ಸಾಲ್ವೆಂಟ್ ಇರುವ ಅಂಟು ಹಚ್ಚಿದೆವು, ಮರುದಿನ ನೋಡಿದರೆ ಫೋಮ್ ಜೇನುಗೂಡಿನ ಹಾಗೆ ತಿಂದುಹೋಗಿತ್ತು. ಫೋಮಿಗೆ ಆಗುತ್ತೆ ಅಂತ ಟ್ಯೂಬಿನ ಮೇಲೆ ಬರೆದಿರುವ ಪಾಲಿಯುರಿಥೇನ್ ಅಂಟೇ ಬೇಕು. ಗ್ಯಾರೇಜು 50 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿದ್ದರೆ ಅದೂ ಬೇಗ ಹಿಡಿಯಲ್ಲ, ಆದ್ದರಿಂದ ಗೋಡೆ ಕೆಲಸ ಅಕ್ಟೋಬರ್ ಒಳಗೆ ಮುಗಿಸಿ. ಡ್ರೈವಾಲ್ ಸ್ಕ್ರೂ ಮುಟ್ಟಲೇಬೇಡಿ. ಮೈನಸ್ 20ರಲ್ಲಿ ಮನೆ ಕುಲುಕಿದಾಗ ತಲೆ ಪಟಪಟ ಹಾರುತ್ತೆ. ಡೆಕ್ ಸ್ಕ್ರೂ ಹಾಕಿ.

ಕೆಳಗೆ ಎರಡು 4×4 ಸ್ಕಿಡ್ (ಮನೆ ಜಾರಿಸಲು ಉದ್ದದ ಮರ), ಅವುಗಳ ತಳಕ್ಕೆ ಕಾಲು ಇಂಚಿನ ಎಚ್‌ಡಿಪಿಇ ಪ್ಲಾಸ್ಟಿಕ್ ಪಟ್ಟಿ. ಗ್ಯಾರೇಜಿನ ಬೆಚ್ಚಗೆಯಲ್ಲಿ ಬಿಗಿದ 8 ಅಡಿ ಪಟ್ಟಿ ಕೆರೆಯ ಚಳಿಗೆ ಅರ್ಧ ಇಂಚಿಗೂ ಹೆಚ್ಚು ಕುಗ್ಗುತ್ತೆ. ದುಂಡು ತೂತು ಕೊರೆದಿದ್ದರಿಂದ ಮೊದಲ ಸಲ ಸ್ಕ್ರೂ ಇದ್ದಲ್ಲೆಲ್ಲ ಸೀಳಿತು. ಈಗ ಮುಂದಿನ ತುದಿಯಲ್ಲಿ ಮಾತ್ರ ಬಿಗಿ, ಉಳಿದ ಕಡೆ ಮುಕ್ಕಾಲು ಇಂಚು ಉದ್ದದ ಸೀಳುತೂತು, ವಾಷರ್ ಹಾಕಿ ಸಡಿಲ ಬಿಟ್ಟಿದ್ದೇವೆ. ಸ್ಕಿಡ್ಡಿನ ಮೂತಿಯ ಬಾಗು ಎಷ್ಟು, ಪಟ್ಟಿಗೆ ಏನು ಉಜ್ಜುತ್ತೇವೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಕೆರೆಗೆ ಬಂದರೆ ತೋರಿಸುತ್ತೇನೆ.

ಒಳಗಿನ ನೀರಿನಷ್ಟು ಕಾಟ ಬೇರೆ ಯಾವುದೂ ಕೊಡಲಿಲ್ಲ. ಪ್ರೊಪೇನ್ ಉರಿದರೆ ನೀರಿನ ಆವಿ ಬರುತ್ತೆ. ಚಿಮಣಿಯಿಲ್ಲದ, ಗಂಟೆಗೆ 9,000 ಬಿಟಿಯು (ಶಾಖದ ಅಳತೆ) ಕೊಡುವ ಹೀಟರ್ 8 ಗಂಟೆ ಉರಿದರೆ ಎರಡೂವರೆ ಲೀಟರ್ ಹತ್ತಿರ ನೀರು. ಅದೆಲ್ಲ ಚಾವಣಿಗೆ ಕಟ್ಟಿ ತಲೆಯ ಮೇಲೆ ತೊಟ್ಟಿಕ್ಕಿ, ಕೊನೆಗೆ ಬಾಗಿಲ ಅಂಚಿನಲ್ಲಿ ಹೆಪ್ಪುಗಟ್ಟಿ ಬಾಗಿಲನ್ನೇ ಹಿಡಿದುಬಿಡುತ್ತೆ. ಕಿಟಕಿ ಸ್ವಲ್ಪ ತೆರೆದು ನೋಡಿದೆವು, ಕಾಲು ಮರಗಟ್ಟಿತು. ಕೊನೆಗೆ ಕೈಹಿಡಿದದ್ದು ನಾಲ್ಕು ಇಂಚಿನ ಎರಡು ಪಿವಿಸಿ ಪೈಪ್: ಒಂದು ಹೀಟರಿನ ಹಿಂದೆ ನೆಲದಿಂದ ಆರು ಇಂಚು ಮೇಲೆ, ಇನ್ನೊಂದು ಎದುರು ಗೋಡೆಯಲ್ಲಿ ಚಾವಣಿಯ ಕೆಳಗೆ. ಅವನ್ನು ಯಾವತ್ತೂ ಬಟ್ಟೆ ತುರುಕಿ ಮುಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಮಲಗಲೂಬೇಡಿ. ಅದಕ್ಕೆ ಲಿಥಿಯಂ ಬ್ಯಾಟರಿಯೇ ಇರಲಿ, ಸಾಮಾನ್ಯ ಬ್ಯಾಟರಿ ಚಳಿಗೆ ಬೇಗ ಸೋಲುತ್ತೆ. ಒಳಗೆ ಜನ ಇರುವಾಗ ಬಾಗಿಲು ಹೊರಗಿನಿಂದಲೂ ತೆರೆಯುವಂತಿರಬೇಕು, ನಿಯಮವೂ ಅದೇ.

ನೆಲದ ತೂತುಗಳಿಗೆ ತಳ ಕತ್ತರಿಸಿದ ಐದು ಗ್ಯಾಲನ್ ಬಕೆಟ್ ಇಳಿಬಿಟ್ಟರೆ ಗಾಳಿ ನುಗ್ಗಲ್ಲ. ಗೋಡೆಯ ರ‍್ಯಾಟಲ್ ರೀಲಿಗೆ (ಮೀನು ದಾರ ಎಳೆದರೆ ಸದ್ದು ಮಾಡುವ ಉರುಳೆ) ಭಾವಮೈದ ಮಗಳ ಹಳೆಯ ಗೆಜ್ಜೆಯಿಂದ ನಾಲ್ಕು ಕಾಳು ಬಿಚ್ಚಿ ಕಟ್ಟಿದ. ಅಂಗಡಿಯ ರೀಲಿನ ಲೊಡಲೊಡ ಸದ್ದಿಗಿಂತ ಇದು ಸಣ್ಣ ಎಳೆತಕ್ಕೂ ನುಡಿಯುತ್ತೆ, ನಿದ್ದೆಯಲ್ಲೂ ಕೇಳುತ್ತೆ. ಒಂದು ವರ್ಷ ಒಳಗೆಲ್ಲ ಕಪ್ಪು ಬಣ್ಣ ಬಳಿದು ಕಿಟಕಿ ಮುಚ್ಚಿ ನೋಡಿದೆವು. ತೂತಿನಲ್ಲಿ ಇಣುಕಿದರೆ ನೀರಿನ ಎಂಟು ಅಡಿ ಕೆಳಗಿನ ಕಳೆಯ ಎಲೆ ಎಲೆಯೂ ಕಾಣಿಸಿತು. ಈಟಿ ಹಿಡಿದು ನಾರ್ದರ್ನ್ ಪೈಕ್ ಮೀನಿಗೆ ಕೂರುವವರಿಗೆ ಅದು ಒಳ್ಳೆಯದು. ನಮಗೆ ಹಗಲೆಲ್ಲ ಕತ್ತಲಲ್ಲಿ ಕೂರುವುದು ಬೇಡವೆನಿಸಿ ಮತ್ತೆ ಬಿಳಿ ಬಳಿದೆವು.

ಇಟ್ಟ ಮೊದಲ ದಿನವೇ ಸ್ಕಿಡ್ಡಿನ ಕೆಳಗೆ ಆರು ಮರದ ತುಂಡು ಕೊಟ್ಟು ಎತ್ತಿ. ಇಲ್ಲದಿದ್ದರೆ ಒಳಗಿನ ಶಾಖಕ್ಕೆ ಐಸ್ ಕರಗಿ, ರಾತ್ರಿ ಹೆಪ್ಪುಗಟ್ಟಿ ಮನೆಯನ್ನು ಕಚ್ಚಿಕೊಳ್ಳುತ್ತೆ. ಹಳೆಯ ಮನೆಯನ್ನು ಕೊಡಲಿ, ಚಿಸೆಲ್ ಹಿಡಿದು ಬಿಡಿಸಲು ಒಂದು ದಿನ ಪೂರ್ತಿ ಬೇಕಾಗಿತ್ತು. ಮಿನೆಸೋಟದ ದಕ್ಷಿಣ ಭಾಗದಲ್ಲಿ ಮಾರ್ಚ್ ಮೊದಲ ಸೋಮವಾರದೊಳಗೆ, ಉತ್ತರದಲ್ಲಿ ಮೂರನೆಯ ಸೋಮವಾರದೊಳಗೆ ಮನೆ ತೆಗೆಯಲೇಬೇಕಲ್ಲ, ಆ ಹೊತ್ತಿಗೆ ಮೇಲೆಲ್ಲ ನೀರು ನಿಂತಿರುತ್ತೆ. ಕಳೆದ ಸಲ ಜಾಕ್ ಕೊಟ್ಟು ತುಂಡುಗಳನ್ನು ತೆಗೆದು ಎಟಿವಿಗೆ ಕಟ್ಟಿದೆವು. ಇಪ್ಪತ್ತು ನಿಮಿಷದಲ್ಲಿ ಮನೆ ದಡದ ಕಡೆ ಹೊರಟಿತ್ತು, ತುಂಡುಗಳೂ ಒಳಗೇ ಇದ್ದವು.