ಹಲವು ತೋಟದ ಹಣ್ಣು, ಒಂದೇ ತೊಟ್ಟಿ: ನಮ್ಮ ಕಾಫಿ ಸಂಘ ಕೆಲಸ ಮಾಡುವ ಬಗೆ

ಬೆಟ್ಟದ ಅರೇಬಿಕಾ ಕಾಫಿ ಬೆಳೆಯುವ ಸಣ್ಣ ಹಿಡುವಳಿದಾರರು ಸೇರಿ ಹಣ್ಣಿನ ಸಿಪ್ಪೆ ಸುಲಿಯುವ ಒಂದೇ ಪಲ್ಪಿಂಗ್ ಘಟಕ ನಡೆಸುವಾಗ ಅತಿ ಹೆಚ್ಚು ಕಟ್ಟುನಿಟ್ಟು ಬೇಕಾದ ಜಾಗ ತೂಕದ ಕಟ್ಟೆ. ಅವರವರ ತೋಟದಲ್ಲಿ ಎಷ್ಟೇ ಜೋಪಾನವಾಗಿ ಬೆಳೆದಿದ್ದರೂ, ಹಣ್ಣು ಒಂದೇ ತೊಟ್ಟಿಗೆ ಬಿದ್ದ ಮೇಲೆ ಒಂದು ಚೀಲದ ಹುಳಿ ಎಲ್ಲರ ಪಾಲಿಗೂ ಬರುತ್ತದೆ. ಆಮೇಲೆ ಅದನ್ನು ಆರಿಸಿ ತೆಗೆಯುವ ಯಂತ್ರ ಯಾವುದೂ ಇಲ್ಲ.

ಬೆಳಿಗ್ಗೆ ಕೊಯ್ದ ಹಣ್ಣು ಅದೇ ದಿನ ಸಂಜೆ ನಾಲ್ಕರೊಳಗೆ ಕಟ್ಟೆಗೆ ಬರಬೇಕು, ರಾತ್ರಿಯೊಳಗೆ ಪಲ್ಪರ್‌ಗೆ ಇಳಿಯಬೇಕು. ಒತ್ತಿ ಕಟ್ಟಿದ ಚೀಲದಲ್ಲಿ ಹಣ್ಣು ಬೇಗ ಬಿಸಿಯೇರಿ ಸಿಪ್ಪೆಯೊಳಗೇ ಹುಳಿಯತೊಡಗುತ್ತದೆ. ಅದಕ್ಕೇ ಪ್ರತಿ ಚೀಲದ ನಡುವಿಗೆ ಮೊಣಕೈವರೆಗೆ ಕೈ ಹಾಕಿ ನೋಡುತ್ತೇವೆ. ಬೆಚ್ಚಗಿದ್ದರೆ ಆ ಚೀಲ ಸುಲಿದು ತೊಳೆದು ತೆಳುಹೊಟ್ಟಿನೊಡನೆ ಒಣಗಿಸುವ ಬೀಜಕ್ಕೆ, ಅಂದರೆ ಪಾರ್ಚ್‌ಮೆಂಟಿಗೆ ಸೇರುವುದಿಲ್ಲ, ಸುಲಿಯದೆ ಇಡೀ ಹಣ್ಣಾಗಿ ಒಣಗಿಸುವ ಚೆರ್ರಿಗೆ ಹೋಗುತ್ತದೆ. ಆಮೇಲೆ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿ 100 ಹಣ್ಣು ಎಣಿಕೆ. ಇದರಲ್ಲಿ ಕನಿಷ್ಠ 95 ಪೂರ್ತಿ ಮಾಗಿರಬೇಕು. ಕಡಿಮೆಯಿದ್ದರೆ ತಂದವರೇ ಅಲ್ಲೇ ಟಾರ್ಪಾಲಿನ ಮೇಲೆ ಹರಡಿ ಆರಿಸಿ ಕೊಡಬೇಕು. ಎಣಿಕೆಯನ್ನು ಸದಸ್ಯರ ಕೈಯಿಂದಲೇ ಮಾಡಿಸುತ್ತೇವೆ. ಹಾಗಾದರೆ ತಕರಾರಿಗೆ ಎಡೆಯಿರುವುದಿಲ್ಲ. ಹಸಿರುಕಾಯಿಯನ್ನು ಇಷ್ಟು ಬಿಗಿಯಾಗಿ ತಡೆಯಲು ಕಾರಣ ಎರಡು: ಲೋಳೆ ಇಲ್ಲದ್ದರಿಂದ ಅದು ಪಲ್ಪರ್‌ನಲ್ಲಿ ಸುಲಿಯದೆ ಜಜ್ಜಿಹೋಗುತ್ತದೆ, ಜೊತೆಗೆ ಕುಡಿಯುವ ಕಾಫಿಯಲ್ಲಿ ಒಗರು ಬಿಡುತ್ತದೆ.

ಮುಂದೆ ನೀರಿಗೆ ಬಿಡುವುದು. ಜೊಳ್ಳು, ಬಲಿಯದ ಕಾಯಿ, ಕಾಯಿಕೊರಕ ತಿಂದದ್ದು ತೇಲುತ್ತವೆ. ಪ್ರತಿ ಸದಸ್ಯರ ಹಣ್ಣಿನಿಂದ 10 ಕೆ.ಜಿ. ಬೇರೆ ತೆಗೆದು ತೇಲಿಸಿ, ತೇಲಿದ್ದರ ತೂಕವನ್ನು ಚೀಟಿಯಲ್ಲಿ ಬರೆಯುತ್ತೇವೆ. ಅರ್ಧ ಕೆ.ಜಿ. ದಾಟಿದರೆ ಆ ತೇಲುಹಣ್ಣನ್ನು ಸೀಳಿ ನೋಡುವುದು ವಾಡಿಕೆ. ತೂತು ಕಂಡರೆ ಆ ತೋಟಕ್ಕೆ ಕೊಯ್ಲು ಮುಗಿದೊಡನೆ ಹೋಗಬೇಕು: ಗಿಡದಲ್ಲಿ ಉಳಿದದ್ದು, ನೆಲಕ್ಕೆ ಉದುರಿದ್ದು ಒಂದೂ ಬಿಡದೆ ಆಯ್ದು, ಹುಳು ಬಿದ್ದ ಹಣ್ಣನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯಬೇಕು. ಒಬ್ಬರು ಬಿಟ್ಟರೆ ಕೊರಕ ಮುಂದಿನ ವರ್ಷ ಪಕ್ಕದ ತೋಟಕ್ಕೆ ಹಾರುತ್ತದೆ. ಇಂಥ ಕೆಲಸಕ್ಕೇ ಸಂಘ ಬೇಕಾಗುವುದು.

ಪಲ್ಪರ್‌ನ ಅಂತರವನ್ನು ದಿನವೂ ಮೊದಲ ಬುಟ್ಟಿ ಹಾಕಿ ನೋಡಿ ಹೊಂದಿಸುತ್ತೇವೆ. ಬೀಜದ ಮೇಲೆ ಗೀರು, ಕಚ್ಚು ಕಂಡರೆ ಅಂತರ ಕಿರಿದಾಗಿದೆ. ಸಿಪ್ಪೆಯ ಜೊತೆ ಇಡೀ ಹಣ್ಣು ಹೊರಬಂದರೆ ಅಗಲವಾಗಿದೆ. ಬೇರೆ ಬೇರೆ ಎತ್ತರದ ತೋಟಗಳಿಂದ ಬರುವ ಹಣ್ಣಿನ ಗಾತ್ರ ಒಂದೇ ಇರುವುದಿಲ್ಲವಾದ್ದರಿಂದ ಎತ್ತರದ ತೋಟದ್ದನ್ನು ಬೇರೆಯಾಗಿ ಹಾಕುವುದು ಲೇಸು. ಕೆಲಸ ಮುಗಿದ ಮೇಲೆ ಯಂತ್ರದ ಸಂದಿಗೊಂದಿಯಲ್ಲಿ ಒಂದು ಬೀಜವೂ ಉಳಿಯಬಾರದು. ಉಳಿದು ಕೊಳೆತ ಬೀಜ ಮರುದಿನದ ಲಾಟಿನಲ್ಲಿ, ಅಂದರೆ ಆ ದಿನ ಒಟ್ಟಿಗೆ ಸುಲಿದ ಪಾಲಿನಲ್ಲಿ, ಸೇರಿ ನಾರುತ್ತದೆ.

ಸುಲಿದ ಬೀಜದ ಲೋಳೆ ಬಿಡಿಸಲು ತೊಟ್ಟಿಯಲ್ಲಿಡುವ ಹುದುಗುವಿಕೆಗೆ ಗಡಿಯಾರ ನೋಡಿ ಸಮಯ ಕಟ್ಟಬೇಡಿ. ಬೆಚ್ಚಗಿನ ದಿನ 12 ಗಂಟೆಯಲ್ಲಿ ಲೋಳೆ ಬಿಟ್ಟುಕೊಂಡರೆ, ಎತ್ತರದ ಚಳಿಯಲ್ಲಿ 36 ಗಂಟೆಯೂ ಬೇಕಾಗಬಹುದು. ಹಿಡಿ ಬೀಜ ತೊಳೆದು ಉಜ್ಜಿದಾಗ ಜಾರದೆ ಸಣ್ಣ ಜಲ್ಲಿಯಂತೆ ಸದ್ದು ಮಾಡಬೇಕು. ರಾಶಿಗೆ ಕೋಲು ಚುಚ್ಚಿ ತೆಗೆದರೆ ತೂತು ಮುಚ್ಚಿಕೊಳ್ಳದೆ ನಿಲ್ಲಬೇಕು. ಹದ ಬಂದ ಕೂಡಲೇ, ನಡುರಾತ್ರಿಯಾದರೂ ತೊಳೆಯಬೇಕು. ನಿನ್ನೆಯ ತೊಟ್ಟಿಯಲ್ಲಿ ಜಾಗ ಉಳಿದಿದೆಯೆಂದು ಇಂದಿನದನ್ನು ಅದರ ಮೇಲೆ ಸುರಿಯುವುದು ದೊಡ್ಡ ತಪ್ಪು: ಒಂದು ಪಾಲು ಹುಳಿಯುತ್ತದೆ, ಇನ್ನೊಂದರ ಲೋಳೆ ಹೋಗಿರುವುದೇ ಇಲ್ಲ.

ಹೊಸ ಸಂಘಗಳು ಎಡವುವುದು ಒಣಗಿಸುವ ಜಾಗದ ಲೆಕ್ಕದಲ್ಲಿ. ದೊಡ್ಡ ಪಲ್ಪರ್ ಕೊಂಡು, ಕಣ ಸಾಲದೆ ಹಸಿ ಪಾರ್ಚ್‌ಮೆಂಟನ್ನು ಗುಡ್ಡೆ ಹಾಕುತ್ತಾರೆ. ನಾವು ಹಿಡಿಯುವ ಲೆಕ್ಕ ಹೀಗೆ: ದಿನಕ್ಕೆ 3,000 ಕೆ.ಜಿ. ಹಣ್ಣು ಬಂದರೆ ಸುಮಾರು 1,400 ಕೆ.ಜಿ. ಹಸಿ ಪಾರ್ಚ್‌ಮೆಂಟ್. ಎರಡೂವರೆ ಸೆಂ.ಮೀ. ದಪ್ಪದಲ್ಲಿ ಹರಡಿದರೆ ಒಂದು ಚದರ ಮೀಟರಿಗೆ ಹಿಡಿಯುವುದು 15 ಕೆ.ಜಿ. ಅಷ್ಟೇ; ಅಂದರೆ ಒಂದು ದಿನದ ಹಣ್ಣಿಗೆ 95 ಚದರ ಮೀಟರು. ಒಣಗಲು 10 ರಿಂದ 12 ದಿನ ಬೇಕು. ಅರ್ಧ ಒಣಗಿದ ಮೇಲೆ ಒಂದೇ ದಿನದ ಲಾಟಿನ, ಒಣಗಿಸುವ ಎರಡು ಜಾಲರಿ ಮಂಚದ್ದನ್ನು ಒಂದಕ್ಕೆ ಸೇರಿಸಬಹುದು. ಹಾಗೆ ಮಾಡಿದರೂ 700 ರಿಂದ 850 ಚದರ ಮೀಟರು ಇಲ್ಲದೆ ಕೆಲಸ ಸಾಗದು. ಜಾಗ ಅಷ್ಟಿಲ್ಲದಿದ್ದರೆ ದಿನದ ಹಣ್ಣಿಗೇ ಮಿತಿ ಹಾಕಿ, ಯಾರು ಯಾವ ದಿನ ಕೊಯ್ಯಬೇಕೆಂದು ಸರದಿ ಹಂಚಿ.

ಜಾಲರಿ ಮಂಚದ ಮೇಲೆ ಮೊದಲ ಎರಡು ದಿನ ಗಂಟೆಗೊಮ್ಮೆ ಕೈಯಾಡಿಸಬೇಕು. ಬಳಿಕ ನಡುಹಗಲ ಬಿಸಿಲಿಗೆ ನೆರಳುಬಲೆ ಹೊದಿಸುತ್ತೇವೆ. ಅವಸರದಲ್ಲಿ ಒಣಗಿದರೆ ಪಾರ್ಚ್‌ಮೆಂಟ್ ಬಿರಿದು, ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ನಿಲ್ಲುತ್ತದೆ. ಸಂಜೆ ಇಬ್ಬನಿಗೆ ಮುಂಚೆ ಮುಚ್ಚಲೇಬೇಕು. ತೇವಾಂಶ ಶೇ. 11ಕ್ಕೆ ಬಂದಾಗ ಚೀಲಕ್ಕೆ. ಶೇ. 12.5 ದಾಟಿದ್ದು ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಶೇ. 9ಕ್ಕಿಂತ ಕೆಳಗೆ ಹೋದದ್ದು ತೂಕವನ್ನೂ ರುಚಿಯನ್ನೂ ಕಳೆದುಕೊಳ್ಳುತ್ತದೆ. ಚೀಲಗಳು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇರಲಿ. ಅದೇ ಕೋಣೆಯಲ್ಲಿ ಗೊಬ್ಬರ, ಡೀಸೆಲ್ ಇಡಕೂಡದು. ಕಾಫಿ ವಾಸನೆ ಹೀರುತ್ತದೆ.

ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವ ಸಂಘ ಸುಸ್ಥಿರ ಎಂಬ ಮಾತನ್ನು ಚೀಲದ ಮೇಲೆ ಬರೆಯಬಾರದು. ಆ ನೀರು ಹುಳಿ, ಸಕ್ಕರೆ ತುಂಬಿದ್ದು. ಹಳ್ಳದ ಆಮ್ಲಜನಕವನ್ನು ಹೀರಿ ಮೀನನ್ನು ಕೊಲ್ಲುತ್ತದೆ. ನಾವು ಅದೇ ನೀರನ್ನು ದಿನವಿಡೀ ಪಲ್ಪರ್‌ಗೆ ಮರಳಿ ಬಳಸಿ, ಕೊನೆಗೆ ಗುಂಡಿಯಲ್ಲಿ ನಿಲ್ಲಿಸಿ, ಪಿಎಚ್ (ಹುಳಿಯ ಅಳತೆ) 7ರ ಸುತ್ತ ಬರುವವರೆಗೆ ಸುಣ್ಣ ಹಾಕಿ ಮುಂದಿನ ಕೊಳಗಳಿಗೆ ಬಿಡುತ್ತೇವೆ. ಹಣ್ಣಿನ ತೂಕದ ಶೇ. 40ರಷ್ಟು ಸಿಪ್ಪೆಯೇ. ಅದನ್ನು ಸಗಣಿ, ಒಣ ತರಗಿನ ಜೊತೆ ಪದರ ಕಟ್ಟಿ, ಎರಡು ವಾರಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ. ಹಣ್ಣು ಕೊಟ್ಟಷ್ಟಕ್ಕೆ ತಕ್ಕಂತೆ ಸದಸ್ಯರಿಗೆ ಹಂಚಿಕೆ.

ತೋಟದಲ್ಲಿ ನಾವು ನೋಡುವುದು ಕೆಲವೇ ಅಂಶ: ಎರಡು ಮೂರು ಹಂತದ ನೆರಳು, ಇಳಿಜಾರಿಗೆ ಅಡ್ಡಲಾಗಿ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ, ಕಳೆಯನ್ನು ಸವರಿ ಅಲ್ಲೇ ಮುಚ್ಚಿಗೆ. ನೆರಳಿನಲ್ಲಿ ಹಣ್ಣು ನಿಧಾನ ಮಾಗುವುದರಿಂದ ನಾಲ್ಕೈದು ಸುತ್ತು ಕೊಯ್ಯಬೇಕು. ಕೂಲಿ ಉಳಿಸಲು ಎರಡೇ ಸುತ್ತಿಗೆ ಇಳಿಸಿದವರ ಚೀಲ ಕಟ್ಟೆಯಲ್ಲಿ ಗೊತ್ತಾಗುತ್ತದೆ.

ಕೊಯ್ಲಿಗೆ ಮುಂಚೆ ಪ್ರತಿ ತೋಟದ ಬೆಳೆ ಅಂದಾಜು ಬರೆದಿಡಿ. 2,000 ಕೆ.ಜಿ. ಅಂದಾಜಿನ ತೋಟದಿಂದ 3,200 ಬಂದರೆ ಸದಸ್ಯರಲ್ಲದವರ ಹಣ್ಣು ಒಳಗೆ ಬರುತ್ತಿದೆ ಎಂದರ್ಥ. ಹಾಗಾದರೆ ಸಾವಯವ ದೃಢೀಕರಣ ಇಡೀ ಗುಂಪಿನ ಕೈತಪ್ಪಬಹುದು. ಯುರೋಪಿಗೆ ಮಾರುವ ಉದ್ದೇಶವಿದ್ದರೆ ಪ್ರತಿ ತೋಟದ ಸ್ಥಳಗುರುತೂ ಬೇಕು: 4 ಹೆಕ್ಟೇರಿಗಿಂತ ಕಡಿಮೆಯಿದ್ದಲ್ಲಿ ಆರು ದಶಮಾಂಶದವರೆಗಿನ ಅಕ್ಷಾಂಶ, ರೇಖಾಂಶದ ಒಂದು ಬಿಂದು ಸಾಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿನ ನಿಯಮದ ಪ್ರಕಾರ ಸಲ್ಲದು.

ಹಣವನ್ನು ಎರಡು ಕಂತಿನಲ್ಲಿ ಕೊಡಿ. ಮೊದಲ ಕಂತು ಹಣ್ಣು ಕೊಟ್ಟ ವಾರದೊಳಗೆ ಸಿಗದಿದ್ದರೆ ಸದಸ್ಯರು ದಾರಿಯಲ್ಲಿ ಬಂದ ವ್ಯಾಪಾರಿಗೆ ಕೊಡುತ್ತಾರೆ. ಕೊಯ್ಲಿನ ಕೂಲಿ ಆಗಲೇ ಕೊಡಬೇಕಿರುತ್ತದೆ, ಅವರ ತಪ್ಪಲ್ಲ. ಈ ದುಡ್ಡು ಹೊಂದಿಸಿಕೊಳ್ಳದೆ ಕಟ್ಟೆ ತೆರೆಯಬೇಡಿ. ಎರಡನೆಯ ಕಂತು ಲಾಟು ಮಾರಿದ ಮೇಲೆ, ರುಚಿ ಅಳೆಯುವ ಕಪ್ ಪರೀಕ್ಷೆಯ ಫಲ ನೋಡಿ. ಒಂದು ಲಾಟಿಗೆ ಐದು ಕಪ್, ಒಂದೊಂದಕ್ಕೆ 8.25 ಗ್ರಾಂ ಪುಡಿ, 150 ಮಿ.ಲೀ. ನೀರು. ಪ್ರತಿ ಕಪ್ ಕಾಫಿಗೆ ಬೇಕಾದ ಬೀಜವನ್ನು ಬೇರೆಯಾಗಿಯೇ ತೂಗಿ ಪುಡಿ ಮಾಡಬೇಕು. ಒಂದೇ ಕೆಟ್ಟ ಬೀಜ ಇದ್ದರೆ ಐದರಲ್ಲಿ ಒಂದು ಕಪ್ ಮಾತ್ರ ಹುಳಿ ತೋರಿಸುತ್ತದೆ. ಆ ದಿನದ ಚೀಟಿಗಳನ್ನು ತೆಗೆದು, ಕೈಗೆ ಬೆಚ್ಚಗೆ ತಾಗಿದ ಚೀಲ ಯಾವುದಿತ್ತು, ಯಾವ ತೊಟ್ಟಿ ತಡವಾಯಿತು ಎಂದು ಎಲ್ಲರೂ ಕೂತು ನೋಡುತ್ತೇವೆ.